ಲುಕ್ಲಾ ವಿಮಾನನಿಲ್ದಾಣದ ಮೂಲಕ ಖುಂಬು ಕಣಿವೆಗೆ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಎವರೆಸ್ಟ್ ಬೇಸ್ ಕ್ಯಾಂಪಿನ ಚಾರಣಕ್ಕೆ ಸಿದ್ಧರಾಗುವವರು ತಿಂಗಳುಗಟ್ಟಲೆ ನಡಿಗೆಯ ಅಭ್ಯಾಸ ಮಾಡುತ್ತಾರೆ, ಬೂಟು ಜಾಕೆಟ್ಟುಗಳನ್ನು ಹತ್ತು ಕಡೆ ವಿಚಾರಿಸಿ ಕೊಳ್ಳುತ್ತಾರೆ. ಆದರೆ ಇಡೀ ಪ್ರವಾಸದ ದಿನಗಳ ಲೆಕ್ಕವನ್ನೇ ನಿರ್ಧರಿಸುವ, ನೇಪಾಳದಲ್ಲಿ ಎವರೆಸ್ಟಿನ ಬುಡದ ಖುಂಬು ಕಣಿವೆಗೆ ಬಾಗಿಲಿನಂತಿರುವ ಲುಕ್ಲಾ ವಿಮಾನನಿಲ್ದಾಣದ ವಿಷಯದಲ್ಲಿ, ಅದು ಜಗತ್ತಿನಲ್ಲೇ ಅತ್ಯಂತ ಅಪಾಯಕಾರಿ ಎಂಬ ಮಾತಿಗಿಂತ ಹೆಚ್ಚೇನನ್ನೂ ತಿಳಿದುಕೊಂಡಿರುವುದಿಲ್ಲ. ಆ ನಿಲ್ದಾಣ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತು ಹೋದರೆ ಟಿಕೆಟ್ಟು, ಸಾಮಾನು, ರಜೆ ಇವನ್ನೆಲ್ಲ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ನಾವು ಹೋಗಿಬಂದ ಮೇಲೆ ಈ ಮಾರ್ಗದ ಬಗ್ಗೆ ಕೇಳಿದವರಿಗೆಲ್ಲ ಮೊದಲು ಹೇಳುವುದು ಇದನ್ನೇ.

1953ರ ಎವರೆಸ್ಟ್ ತಂಡ ಕಠ್ಮಂಡು ಕಣಿವೆಯಿಂದ ಖುಂಬುವಿನ ತ್ಯಾಂಗ್‌ಬೋಚೆಯನ್ನು ತಲುಪಲು ಎರಡು ವಾರಕ್ಕೂ ಹೆಚ್ಚು ಕಾಲ ನಡೆದಿತ್ತು. ಶಿಖರವೇರಿದ ಎಡ್ಮಂಡ್ ಹಿಲರಿಯವರು ಅನಂತರ ಶೆರ್ಪಾ ಜನರ ಕೋರಿಕೆಯಂತೆ 1961ರಲ್ಲಿ ಅಲ್ಲಿನ ಖುಮ್‌ಜುಂಗ್ ಹಳ್ಳಿಯಲ್ಲಿ ಶಾಲೆ ಕಟ್ಟಿಸಿದರು. ಮುಂದಿನ ಶಾಲೆಗಳಿಗೂ 1966ರಲ್ಲಿ ತೆರೆದ ಖುಂಡೆ ಆಸ್ಪತ್ರೆಗೂ ಬೇಕಾದ ಸಾಮಗ್ರಿಯನ್ನು ಹೊತ್ತು ತರುವ ಕಷ್ಟವನ್ನು ಕಡಿಮೆ ಮಾಡಲೆಂದೇ 1964ರಲ್ಲಿ ಲುಕ್ಲಾದಲ್ಲಿ ವಿಮಾನ ಇಳಿಯುವ ಪಟ್ಟಿ ಸಿದ್ಧವಾಯಿತು. ಸಮತಟ್ಟಾದ ಫಲವತ್ತಾದ ಹೊಲಗಳನ್ನು ಬಿಟ್ಟುಕೊಡಲು ರೈತರು ಒಪ್ಪದಿದ್ದುದರಿಂದ ಇಳಿಜಾರಿನ ಈ ಜಾಗವನ್ನು ಆರಿಸಬೇಕಾಯಿತು. ಮಣ್ಣನ್ನು ಗಟ್ಟಿಮಾಡಲು ಯಂತ್ರಗಳಿಲ್ಲದೆ, ಊರಿನವರು ಸಾಲಾಗಿ ನಿಂತು ಕಾಲು ಬಡಿದು ಕುಣಿಯುವ ತಮ್ಮ ನೃತ್ಯದಿಂದಲೇ ನೆಲವನ್ನು ಹದಗೊಳಿಸಿದರೆಂದು ಹಿಲರಿಯವರು ಹೇಳಿಕೊಂಡಿದ್ದಾರೆ. ರನ್‌ವೇಗೆ ಡಾಂಬರು ಬಿದ್ದದ್ದು 2001ರಲ್ಲಿ. 2008ರ ಜನವರಿಯಲ್ಲಿ ಹಿಲರಿಯವರು ತೀರಿಕೊಂಡ ಬಳಿಕ ನಿಲ್ದಾಣಕ್ಕೆ ಅವರ ಮತ್ತು ಅವರೊಡನೆ ಶಿಖರವೇರಿದ ತೇನ್ಸಿಂಗ್ ಇಬ್ಬರ ಹೆಸರನ್ನೂ ಇಡಲಾಯಿತು. ಹಳ್ಳಿಗಳಿಗೆ ಔಷಧಿ ಮತ್ತು ಹಲಗೆ ತಲುಪಿಸಲು ಮಾಡಿದ ಮಣ್ಣಿನ ಪಟ್ಟಿಯ ಮೇಲೆ ಇಂದು ನಾವು ಪ್ರವಾಸಿಗರಾಗಿ ಇಳಿಯುತ್ತಿದ್ದೇವೆ ಎಂಬುದು ಸದಾ ನೆನಪಿನಲ್ಲಿರಬೇಕು.

ಸುಮಾರು 2,845 ಮೀಟರ್ ಎತ್ತರದಲ್ಲಿರುವ ಈ ರನ್‌ವೇ ಕೇವಲ 527 ಮೀಟರ್ ಉದ್ದವಿದ್ದು, ಶೇ. 11.7ರಷ್ಟು ಇಳಿಜಾರಾಗಿದೆ, ಅಂದರೆ ಒಂದು ತುದಿ ಇನ್ನೊಂದಕ್ಕಿಂತ 60 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಕೆಳತುದಿಯಾಚೆ ದೂಧ್‌ಕೋಸಿ ನದಿಯ ಆಳವಾದ ಕಣಿವೆ, ಮೇಲ್ತುದಿಯ ಹಿಂದೆ ಬೆಟ್ಟ. ಆದ್ದರಿಂದ ವಿಮಾನಗಳು ಯಾವಾಗಲೂ ಏರುಮುಖವಾಗಿ ಇಳಿಯುತ್ತವೆ, ಇಳಿಮುಖವಾಗಿ ಹಾರುತ್ತವೆ. ತೆಳುವಾದ ಗಾಳಿಯಲ್ಲಿ ಎಂಜಿನ್ನಿನ ಶಕ್ತಿಯೂ ರೆಕ್ಕೆಗಳ ಎತ್ತುವ ಬಲವೂ ಕುಗ್ಗುತ್ತವೆ; ಆ ಕೊರತೆಯನ್ನು ಈ ಇಳಿಜಾರೇ ತುಂಬಿಕೊಡುತ್ತದೆ: ಇಳಿಯುವಾಗ ಏರು ವೇಗವನ್ನು ತಗ್ಗಿಸುತ್ತದೆ, ಹೊರಡುವಾಗ ಇಳಿಜಾರು ವೇಗ ಕೊಡುತ್ತದೆ. ಕೊನೆಯ ಹಂತಕ್ಕೆ ಬಂದ ಮೇಲೆ ಮತ್ತೆ ಮೇಲೇರಿ ಸುತ್ತು ಹಾಕಿ ಬರುವ ಅವಕಾಶವಿಲ್ಲ. ಇದಕ್ಕಾಗಿಯೇ ಇಲ್ಲಿ ಹಾರಿಸುವ ಪೈಲಟ್‌ಗಳು ಕಿರು ರನ್‌ವೇಗಳಲ್ಲಿ ಕನಿಷ್ಠ 100 ಹಾರಾಟ ನಡೆಸಿರಬೇಕು, ನೇಪಾಳದಲ್ಲಿ ಅಂಥ ಹಾರಾಟದ ಒಂದು ವರ್ಷದ ಅನುಭವ ಪಡೆದಿರಬೇಕು, ಲುಕ್ಲಾಕ್ಕೇ ತರಬೇತುದಾರರೊಡನೆ 10 ಬಾರಿ ಬಂದಿರಬೇಕು.

ಪ್ರಯಾಣಿಕರು ಮುಖ್ಯವಾಗಿ ಅರ್ಥಮಾಡಿಕೊಳ್ಳಬೇಕಾದದ್ದು ಗಾಳಿ ಮತ್ತು ಮೋಡಗಳನ್ನು. ಬಿಸಿಲೇರಿದಂತೆ ಬೆಟ್ಟದ ಮೈ ಕಾದು ಕಣಿವೆಯ ಗಾಳಿ ಮೇಲ್ಮುಖವಾಗಿ ಬೀಸತೊಡಗುತ್ತದೆ. ಇಳಿಯುವ ದಿಕ್ಕು ಒಂದೇ ಆಗಿರುವುದರಿಂದ ಆ ಗಾಳಿ ವಿಮಾನವನ್ನು ಹಿಂದಿನಿಂದ ತಳ್ಳುತ್ತದೆ, ಕಿರು ರನ್‌ವೇಯಲ್ಲಿ ನಿಲ್ಲಿಸುವುದು ಕಷ್ಟವಾಗುತ್ತದೆ. ಇಳಿಯಲು ನೆರವಾಗುವ ಉಪಕರಣಗಳಿಲ್ಲದೆ ಪೈಲಟ್ ಕಣ್ಣಾರೆ ಕಂಡೇ ಇಳಿಸಬೇಕಾದ್ದರಿಂದ ಮೋಡ ಕವಿದರೆ ಹಾರಾಟ ನಿಲ್ಲುತ್ತದೆ. 2008ರ ಅಕ್ಟೋಬರ್ 8ರಂದು ಮಂಜಿನಲ್ಲಿ ಇಳಿಯುತ್ತಿದ್ದ ವಿಮಾನ ಅಪಘಾತಕ್ಕೀಡಾಗಿ 18 ಜನ ಸತ್ತದ್ದನ್ನು ಬಲ್ಲವರು ಯಾರೂ ಹಾರಾಟ ರದ್ದಾಯಿತೆಂದು ಕೌಂಟರಿನ ಮುಂದೆ ಕೂಗಾಡಲಾರರು. ಆದ್ದರಿಂದ ಸಾಧ್ಯವಾದಷ್ಟೂ ಬೆಳಗಿನ ಮೊದಲ ಹಾರಾಟಕ್ಕೇ ಟಿಕೆಟ್ ಕೇಳಿ ಪಡೆಯಿರಿ. ನಿಲುಗಡೆಗೆ ನಾಲ್ಕೇ ಜಾಗಗಳಿರುವುದರಿಂದ ಬಂದ ವಿಮಾನ ಕೆಲವೇ ನಿಮಿಷಗಳಲ್ಲಿ ಜನರನ್ನು ಇಳಿಸಿ, ಹತ್ತಿಸಿಕೊಂಡು ಹೊರಡುತ್ತದೆ. ಅದೇ ವಿಮಾನ ಮತ್ತೆ ಮತ್ತೆ ಓಡಾಡುವುದರಿಂದ ಮೊದಲ ಸುತ್ತು ತಡವಾದರೆ ಕೊನೆಯ ಸುತ್ತಿನವರು ಉಳಿದುಹೋಗುತ್ತಾರೆ.

ರದ್ದಾದ ಹಾರಾಟದವರಿಗೆ ಮರುದಿನ ಮೊದಲ ಹಕ್ಕಿರುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಮರುದಿನದ ಟಿಕೆಟ್ ಉಳ್ಳವರು ಹೋದ ಮೇಲೆ ಆಸನ ಉಳಿದರೆ, ಇಲ್ಲವೇ ಹೆಚ್ಚುವರಿ ಹಾರಾಟ ನಡೆದರೆ ಮಾತ್ರ ನಿಮ್ಮ ಸರದಿ. 2011ರ ನವೆಂಬರಿನಲ್ಲಿ ಹಲವು ದಿನ ಮಂಜು ಕವಿದಾಗ ಸಾವಿರಾರು ಚಾರಣಿಗರು ಲುಕ್ಲಾದಲ್ಲೇ ಸಿಲುಕಿದ್ದರು. ಆದ್ದರಿಂದ ಚಾರಣದ ಕೊನೆಗೆ ಎರಡು ದಿನಗಳನ್ನಾದರೂ ಖಾಲಿ ಇಟ್ಟುಕೊಂಡೇ ಊರಿಗೆ ಮರಳುವ ವಿಮಾನವನ್ನು ಗೊತ್ತುಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಇದೂ ಸಾಲದು.

ಚಾರಣದ ಭರಾಟೆಯ ತಿಂಗಳುಗಳಲ್ಲಿ ಕಠ್ಮಂಡುವಿನ ದಟ್ಟಣೆ ತಗ್ಗಿಸಲು ಲುಕ್ಲಾ ಹಾರಾಟಗಳನ್ನು ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ ನಡೆಸುತ್ತಾರೆ. ಹಾರಾಟ ಇಪ್ಪತ್ತು ನಿಮಿಷದೊಳಗೆ ಮುಗಿದರೂ ಕಠ್ಮಂಡುವಿನಿಂದ ಮಂಥಲಿಗೆ ರಸ್ತೆಯಲ್ಲಿ ನಾಲ್ಕೈದು ಗಂಟೆ ಬೇಕು. ನಡುರಾತ್ರಿ ಹೊರಟು ನಿದ್ದೆಗೆಡುವುದಕ್ಕಿಂತ ಹಿಂದಿನ ದಿನವೇ ಹೋಗಿ ತಂಗುವುದು ಮೇಲು. ಟಿಕೆಟ್ಟಿನಲ್ಲಿ ಹೊರಡುವ ಸ್ಥಳ ಯಾವುದೆಂದು ಖಚಿತಪಡಿಸಿಕೊಳ್ಳಿ. ಇಪ್ಪತ್ತಕ್ಕಿಂತ ಕಡಿಮೆ ಆಸನಗಳ ಟ್ವಿನ್ ಆಟರ್, ಡಾರ್ನಿಯರ್, ಎಲ್-410 ವಿಮಾನಗಳಲ್ಲಿ ತೂಕವೇ ಎಲ್ಲವನ್ನೂ ನಿರ್ಧರಿಸುತ್ತದೆ; ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕೆ.ಜಿ. ಮಿತಿ. ಹೋಗುವಾಗ ಎಡಗಡೆ ಕೂತರೆ ಹಿಮಾಲಯದ ಸಾಲು ಕಾಣುತ್ತದೆ. ಭಾರತೀಯರಿಗೆ ವೀಸಾ ಬೇಡ, ಆದರೆ ನೇಪಾಳಕ್ಕೆ ವಿಮಾನದಲ್ಲಿ ಹೋಗುವ ವಯಸ್ಕರ ಬಳಿ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು.

ಇಳಿದ ದಿನವೇ ಲುಕ್ಲಾದಲ್ಲಿ ಉಳಿಯದೆ, ಸುಮಾರು 2,610 ಮೀಟರ್ ಎತ್ತರದ ಫಾಕ್‌ಡಿಂಗ್‌ಗೆ ನಡೆದು ಹೋಗುವುದು ದೇಹಕ್ಕೆ ಹಿತ. ಹಿಂದಿರುಗುವಾಗ ಹಾರಾಟದ ಹಿಂದಿನ ಮಧ್ಯಾಹ್ನದೊಳಗೆ ಲುಕ್ಲಾ ತಲುಪಿ, ಟಿಕೆಟ್ಟನ್ನು ಲಾಡ್ಜಿನ ಯಜಮಾನರ ಕೈಗೆ ಕೊಡಿ. ವಿಮಾನ ಕಚೇರಿಯಲ್ಲಿ ಸೀಟು ಖಚಿತಪಡಿಸುವ ಕೆಲಸವನ್ನು ಅವರು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಹವಾಮಾನ ಕೈಕೊಟ್ಟರೆ ಹೆಲಿಕಾಪ್ಟರಿನಲ್ಲಿ ಐದಾರು ಜನ ಹಂಚಿಕೊಂಡು ಹೋಗಬಹುದಾದರೂ ಖರ್ಚು ಹಲವು ಪಟ್ಟು, ಮೋಡ ದಟ್ಟವಾಗಿದ್ದರೆ ಅದೂ ಇಲ್ಲ. ರಜೆ ಹೆಚ್ಚಿರುವವರು ಕಠ್ಮಂಡುವಿನಿಂದ ಜೀಪಿನಲ್ಲಿ ಸಲ್ಲೇರಿ ಎಂಬ ಊರಿಗೆ ಹೋಗಿ ಅಲ್ಲಿಂದ ಲುಕ್ಲಾ ಕಡೆಗೆ ಎರಡು ಮೂರು ದಿನ ನಡೆಯುವ ದಾರಿಯನ್ನು ಯೋಚಿಸಬಹುದು. ಇದರಿಂದ ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಸಮಯ ಸಿಗುತ್ತದೆ, ಮರಳುವಾಗ ಮಾತ್ರ ವಿಮಾನ ಹಿಡಿದರೂ ಸಾಕಾಗುತ್ತದೆ.