ಮನೆ ಪಿಕಪ್‌ಗೆ ಗತ್ತು ಬೇಕಾದರೆ ಮೊದಲು ಟೈರು, ಆಮೇಲೆ ತಳ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದ ತೋಟದ ರಸ್ತೆಯೆಂದರೆ ಕೆಂಪು ಕೆಸರಿನ ಜಾಡು, ನಡುವೆ ದಿಬ್ಬ, ಪಾಚಿಗಟ್ಟಿದ ಜಂಬಿಟ್ಟಿಗೆ. ಗಾಡಿ ಅಲ್ಲಿ ಸಿಕ್ಕಿಬೀಳುವುದು ಹೆಚ್ಚಾಗಿ ಟೈರು ಜಾರಿ, ಇಲ್ಲವೇ ತಳ ತಾಗಿ. ದುಡ್ಡು ಮೊದಲು ಹೋಗಬೇಕಾದ್ದೂ ಅಲ್ಲಿಗೇ.

ಇಸುಜು ವಿ-ಕ್ರಾಸ್ ಪಿಕಪ್‌ನ ಲೆಕ್ಕ ನೋಡಿ. 255/60 ಆರ್18 ಟೈರಿನ ವ್ಯಾಸ ಸುಮಾರು 763 ಮಿ.ಮೀ., 265/60 ಆರ್18 ಆದರೆ 775. ಗಾಡಿ ಮೇಲೇಳುವುದು ಬರೀ 6 ಮಿ.ಮೀ. ಹಾಗಾಗಿ ಎತ್ತರದ ಆಸೆಗೆ ಟೈರ್ ಸೈಜು ಬದಲಿಸಬೇಡಿ. ಇದ್ದ ಸೈಜಿನಲ್ಲೇ ಆಲ್ ಟೆರೇನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರು) ಹಾಕಿದರೂ ನೋಟ, ಹಿಡಿತ ಎರಡೂ ಬದಲಾಗುತ್ತವೆ. ದಪ್ಪ ಗಟ್ಟೆಯ ಮಡ್ ಟೆರೇನ್ ಟೈರು ಕೆಸರಿಗೆ ಚೆನ್ನ, ಆದರೆ ಆಗುಂಬೆ, ಹುಲಿಕಲ್ ಘಾಟಿಯ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿತ ಕಡಿಮೆ. ಮಕ್ಕಳು, ವಯಸ್ಸಾದವರು ಕೂರುವ ಗಾಡಿಗೆ ಅದು ಬೇಡವೇ ಬೇಡ. ಕೆಸರಿಗೆ ಇಳಿಯುವಾಗ 35 ಇರುವ ಗಾಳಿಯನ್ನು 22–24 ಪಿಎಸ್‌ಐಗೆ ಇಳಿಸಿ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚುತ್ತದೆ. ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಲೇಬೇಕು, ಅದಕ್ಕೆ 12 ವೋಲ್ಟಿನ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ತಳಕ್ಕೆ 3 ಮಿ.ಮೀ. ಉಕ್ಕಿನ ಸ್ಕಿಡ್ ಪ್ಲೇಟ್, ಅಂದರೆ ಕಲ್ಲು ತಾಗದಂತೆ ಕಾಯುವ ತಗಡು, ಸಾಕು. ಆಯಿಲ್ ಡ್ರೈನ್ ಬೋಲ್ಟಿನ ನೇರಕ್ಕೆ ಕಿಂಡಿ, ನೀರು ಬಿಟ್ಟು ತೊಳೆಯಲು ಸಂದು ಇರುವಂಥದ್ದನ್ನೇ ಆರಿಸಿ. ನಮ್ಮ ಮಣ್ಣು ಪ್ಲೇಟಿನ ಮೇಲೆ ಕೂತು ಗಟ್ಟಿಯಾದರೆ ತಿಂಗಳುಗಟ್ಟಲೆ ತೇವ ಹಿಡಿದು ತುಕ್ಕು ತರುತ್ತದೆ. ಆಂಟಿ-ರಸ್ಟ್ ಹೊಡೆಸುವಾಗ ಚಾಸಿಯ ತೂತುಗಳಿಗೆ ಟೇಪ್ ಹಚ್ಚಿಸಿ, ಆಮೇಲೆ ತೆಗೆಸಿ. ಅವು ಮುಚ್ಚಿಹೋದರೆ ನೀರು ಒಳಗೇ ನಿಂತು ಚಾಸಿಯನ್ನು ತಿನ್ನುತ್ತದೆ.

ಬಹಳ ಜನ ನೋಡದೆ ಬಿಡುವುದು ಡಿಫರೆನ್ಷಿಯಲ್ ಬ್ರೀದರ್, ಅಂದರೆ ಆಕ್ಸಲ್ ನಡುವಿನ ಗೇರ್ ಗೂಡಿಗೆ ಗಾಳಿಯಾಡುವ ಚಿಕ್ಕ ಕಿಂಡಿ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರು ಕಟ್ಟಿದ್ದರೆ ಆ ಎಳೆತಕ್ಕೆ ನೀರು ಆಯಿಲ್ ಸೀಲಿನ ಮೂಲಕ ಒಳಬರುತ್ತದೆ. ತೆರೆದಿದ್ದು ನೀರಿನ ಮಟ್ಟದಲ್ಲಿದ್ದರೆ ನೇರ ಒಳಗೆ. ಡ್ರೈನ್ ಮಾಡಿದ ಆಯಿಲ್ ಹಾಲು ಹಾಕಿದ ಕಾಫಿಯಂತಿದ್ದರೆ ಇದೇ ಕಾರಣ, ಬೇರಿಂಗ್ ಹೋಗುವ ಮೊದಲು ಆಯಿಲ್ ಬದಲಿಸಿ. ಪರಿಹಾರ ಅಗ್ಗ: ಆಯಿಲ್ ತಾಗಿದರೂ ಹಾಳಾಗದ ರಬ್ಬರ್ ಹೋಸ್ ಅನ್ನು ಬ್ರೀದರ್‌ನಿಂದ ಟೇಲ್ ಲ್ಯಾಂಪಿನ ಎತ್ತರಕ್ಕೆ ಒಯ್ದು ತುದಿಗೆ ಚಿಕ್ಕ ಫಿಲ್ಟರ್ ಕೂರಿಸಿ. ಆಕ್ಸಲ್ ಮೇಲೆ ಕೆಳಗೆ ಆಡಲು ಹೋಸ್ ಸ್ವಲ್ಪ ಸಡಿಲವಿರಲಿ. ಸ್ನಾರ್ಕೆಲ್‌ಗಿಂತ (ಎಂಜಿನ್‌ಗೆ ಮೇಲಿನಿಂದ ಗಾಳಿ ತರುವ ಕೊಳವೆ) ಮೊದಲು ಇದನ್ನು ಮಾಡಿ.

ಸಸ್ಪೆನ್ಷನ್ ಬದಲಿಸಿ ಗಾಡಿ ಎತ್ತರಿಸುವ ಲಿಫ್ಟ್ ಒಂದೂವರೆ ಇಂಚು ದಾಟದಿರಲಿ. ಹೆಚ್ಚಾದಷ್ಟೂ ಮುಂದಿನ ಡ್ರೈವ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲಿನ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಹಿಂದಿನ ಸ್ಪ್ರಿಂಗ್ ಕಟ್ಟಿಗೆ ಒಂದು ಪ್ಲೇಟು ಸೇರಿಸಿದರೆ ಖಾಲಿ ಗಾಡಿ ಕುಣಿಯುತ್ತದೆ. ಅಡಿಕೆ ಮೂಟೆ, ಗೊಬ್ಬರ ಸದಾ ಹೇರುವವರಿಗೆ ಮಾತ್ರ ಅದು ಸರಿ.

ಮುಂದಿನ ಬಂಪರಿಗೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದಿದೆ, ಏರ್‌ಬ್ಯಾಗ್ ಕೆಲಸಕ್ಕೂ ಅಡ್ಡಿ. ಗ್ರಿಲ್ಲಿಗೆ ಕಪ್ಪು ಬಣ್ಣ, ಉದ್ದನೆಯ ಮಡ್ ಫ್ಲ್ಯಾಪ್ ಇಷ್ಟರಲ್ಲೇ ಗತ್ತು ಬರುತ್ತದೆ.

ಸಿಕ್ಕಿಬಿದ್ದ ಗಾಡಿ ಎಳೆಯಲು ಚಾಸಿಗೆ ಬೋಲ್ಟಾದ ಹುಕ್ಕು, 8 ಟನ್ನಿನ ಸ್ನ್ಯಾಚ್ ಸ್ಟ್ರಾಪ್ (ಹಿಗ್ಗುವ ಎಳೆಪಟ್ಟಿ), ಅದನ್ನು ಸಿಕ್ಕಿಸಲು 4.75 ಟನ್ನಿನ ಎರಡು ಶ್ಯಾಕಲ್ ಕೊಂಡಿ ಇಟ್ಟುಕೊಳ್ಳಿ. ಟ್ರೇಲರ್ ಜೋಡಿಸುವ ಗುಂಡಿಗೆ (ಟ್ರೇಲರ್ ಬಾಲ್) ಸ್ಟ್ರಾಪ್ ಎಂದೂ ಸಿಕ್ಕಿಸಬೇಡಿ. ಅದು ಮುರಿದು ಹಾರಿ ಜನ ಸತ್ತಿದ್ದಾರೆ. ಎಳೆಯುವಾಗ ಸ್ಟ್ರಾಪ್ ಮೇಲೆ ಒದ್ದೆ ಗೋಣಿಚೀಲ ಹಾಕಿ, ಉಳಿದವರನ್ನು ದೂರ ನಿಲ್ಲಿಸಿ.