ಕಪ್ಪು ಹುಂಜದ ಗುಡ್ಡಗಳಲ್ಲಿ

ಇಟಲಿಯ ಫ್ಲಾರೆನ್ಸ್ ದಾಟುತ್ತಿದ್ದಂತೆ ಬಸ್ಸು ಗುಡ್ಡ ಹತ್ತತೊಡಗಿತು. ಒಂದು ತಿರುವಿನಲ್ಲಿ ದ್ರಾಕ್ಷಿ, ಇನ್ನೊಂದರಲ್ಲಿ ಆಲಿವ್, ನಡುನಡುವೆ ಓಕ್ ಮರಗಳ ಕಾಡು. ಇಲ್ಲಿಂದ ಸಿಯೆನಾವರೆಗಿನ ಗುಡ್ಡಗಳೇ ಕಿಯಾಂಟಿ ವೈನಿನ ತವರು. ಬೇರೆ ಕಡೆಯ ವೈನ್ ಇದೇ ಹೆಸರಲ್ಲಿ ಮಾರಾಟವಾಗಬಾರದೆಂದು ಈ ಟಸ್ಕನಿ ಸೀಮೆಯ ದೊರೆ ಮೂರನೇ ಕೊಸಿಮೊ ಮೆಡಿಚಿ 1716ರಲ್ಲೇ ಇದರ ಗಡಿ ಗುರುತಿಸಿದ್ದ.

ಗ್ರೇವೆಯಲ್ಲಿ ಇಳಿದೆ. ಊರ ನಡುವಿನ ಚೌಕಕ್ಕೆ ಮೂರೇ ಮೂಲೆ! ಸುತ್ತ ಕಮಾನಿನ ಜಗಲಿ, ಅದರಡಿ ಅಂಗಡಿಗಳು. ವೈನ್ ಬಾಟಲಿಗಳ ಕತ್ತಿನ ಮೇಲೆಲ್ಲ ಕಪ್ಪು ಹುಂಜದ ಚಿತ್ರ. ಅದಿದ್ದರೆ ಕಿಯಾಂಟಿ ಕ್ಲಾಸಿಕೊ, ಅಂದರೆ ಫ್ಲಾರೆನ್ಸ್, ಸಿಯೆನಾ ನಡುವಿನ ಈ ಮೂಲ ಸೀಮೆಯ ವೈನ್ ಎಂದರ್ಥ.

ಹುಂಜಕ್ಕೊಂದು ಕಥೆಯಿದೆ. ಫ್ಲಾರೆನ್ಸ್‌ಗೂ ಸಿಯೆನಾಕ್ಕೂ ಗಡಿ ಜಗಳ. ಕೋಳಿ ಕೂಗಿದಾಗ ಎರಡೂ ಊರಿನಿಂದ ಒಬ್ಬೊಬ್ಬ ಸವಾರ ಹೊರಡಬೇಕು, ಎದುರಾದಲ್ಲೇ ಗಡಿ. ಸಿಯೆನಾದವರು ಬಿಳಿ ಹುಂಜಕ್ಕೆ ಚೆನ್ನಾಗಿ ತಿನ್ನಿಸಿದರು. ಫ್ಲಾರೆನ್ಸ್‌ನವರು ಕಪ್ಪು ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ನಡುರಾತ್ರಿಯೇ ಕೂಗಿತು. ಸವಾರರು ಎದುರಾದದ್ದು ಸಿಯೆನಾದ ಹತ್ತಿರವೇ, ಫೊಂಟೆರುಟೊಲಿಯಲ್ಲಿ. ನಿಜವೋ ಸುಳ್ಳೋ, ಪಾಪ ಆ ಹುಂಜಕ್ಕೆ ಆಮೇಲಾದರೂ ಯಾರಾದರೂ ಕಾಳು ಹಾಕಿರಬೇಕು ಅಲ್ವಾ?

ಊಟದ ಮನೆಯೊಂದರಲ್ಲಿ ಒಂದು ಲೋಟ ಕ್ಲಾಸಿಕೊ ತರಿಸಿದೆ. ಬಣ್ಣ ಮಾಣಿಕ್ಯದ್ದು, ಅಂಚಿನಲ್ಲಿ ತುಸು ಇಟ್ಟಿಗೆ ಕೆಂಪು. ಮೊದಲ ಗುಟುಕು ಹುಳಿ, ಹಿಂದೆಯೇ ಎಳೆ ಅಡಿಕೆ ಅಗಿದ ಹಾಗೆ ಒಗರು. ಸುಮ್ನೆ ಕುಡಿಯೋಕೆ ಇದು ಸಲ್ಲದು ಅನಿಸಿತು. ಅಷ್ಟರಲ್ಲಿ ಉಪ್ಪಿಲ್ಲದ ಟಸ್ಕನಿ ಬ್ರೆಡ್, ಆಲಿವ್ ಎಣ್ಣೆ, ಕುರಿ ಹಾಲಿನ ಪೆಕೊರಿನೊ ಚೀಸ್ ಬಂತು. ಚೀಸ್ ತಿಂದು ಇನ್ನೊಂದು ಗುಟುಕು ಕುಡಿದೆ. ಜಿಡ್ಡು, ಉಪ್ಪಿನ ಮುಂದೆ ಒಗರು ಮೆತ್ತಗಾಗಿ ಚೆರ್ರಿಯ ರುಚಿ ಮೇಲೆ ಬಂತು. ಪಕ್ಕದ ಮೇಜಿನಲ್ಲಿ ಯಾರೂ ಬರೀ ವೈನ್ ಕುಡಿಯುತ್ತಿರಲಿಲ್ಲ. ಊಟದ ಜೊತೆಗೇ ಬೆಳೆದ ವೈನ್ ಇದು.

ಈ ಹುಳಿ, ಒಗರು ಸಾಂಜೊವೇಸೆ ದ್ರಾಕ್ಷಿಯದು. ಕ್ಲಾಸಿಕೊದಲ್ಲಿ ಅದು ಕನಿಷ್ಠ 80% ಇರಲೇಬೇಕು. ಇಟಲಿಯ ಪ್ರಧಾನಿಯಾಗಿದ್ದ ಬೆಟ್ಟಿನೊ ರಿಕಾಸೋಲಿ ಬ್ರೋಲಿಯೊ ಕೋಟೆಯ ತೋಟದಲ್ಲಿ ವರ್ಷಗಟ್ಟಲೆ ಪ್ರಯೋಗ ಮಾಡಿ, 1872ರ ಪತ್ರದಲ್ಲಿ ಹದ ಬರೆದ: ಮೆದುವಾಗಲು ಕನಾಯೋಲೊ ದ್ರಾಕ್ಷಿ, ಬೇಗ ಕುಡಿಯುವ ವೈನಿಗೆ ಬಿಳಿ ಮಾಲ್ವಸಿಯಾ ದ್ರಾಕ್ಷಿ. ಕ್ಲಾಸಿಕೊದಲ್ಲಿ ಈಗ ಬಿಳಿ ದ್ರಾಕ್ಷಿ ಸೇರಿಸುವಂತಿಲ್ಲ. ಒಳ್ಳೆಯದೇ ಆಯ್ತು.

ಹೊರಡುವಾಗ ಅಂಗಡಿಯಲ್ಲಿ ಹುಲ್ಲು ಹೆಣೆದ ಗುಂಡು ಬಾಟಲಿ, ಫಿಯಾಸ್ಕೊ, ಕಣ್ಣಿಗೆ ಬಿತ್ತು. ತಳ ಗುಂಡಗಿದೆ, ಹುಲ್ಲಿನ ಬುಡವಿಲ್ಲದೆ ನಿಲ್ಲಲ್ಲ. ಫೋಟೊಗೆ ಚೆಂದ. ನಾನು ಕೊಂಡದ್ದು ಮಾತ್ರ ಹುಂಜದ ಗುರುತಿನ ಮಾಮೂಲಿ ಬಾಟಲಿ, ಜೊತೆಗೊಂದು ತುಂಡು ಪೆಕೊರಿನೊ.