ಖಣದ ಚೀಲಕ್ಕೊಂದು ಜೂಕಿ: ಇಲ್ಲಿವರೆಗೆ ಆದ ಕೆಲಸ

ಬಾಗಲಕೋಟೆ ನವನಗರದ ನಮ್ಮ ಮನೆಯ ಹಿಂದಿನ ಖೋಲಿಗೆ ಸೆಕೆಂಡ್ ಹ್ಯಾಂಡ್ ಜೂಕಿ ಡಿಡಿಎಲ್-8700 ಬಂದಿದೆ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಬಳಸುವಂಥ ಹೊಲಿಗೆ ಮಷೀನು. ಗುಳೇದಗುಡ್ಡದ ಖಣಕ್ಕೆ ತೆಳು ಕ್ಯಾನ್ವಾಸಿನ ಅಸ್ತರ ಕೊಟ್ಟು ಚೀಲ ಹೊಲಿಯುವ ಹುಚ್ಚು ನನ್ನದು. ಹಿಡಿಕೆ ಕೂಡುವ ಕಡೆ ಪದರ ಜಾಸ್ತಿಯಾದರೆ ಮನೆಯ ಕಾಲ್ಮಷೀನಿಗೆ ಸೂಜಿ ಇಳಿಸುವುದೇ ಕಷ್ಟವಾಗುತ್ತಿತ್ತು.

ಮೊದಲು ಬದಲಾಗಿದ್ದು ಮೋಟಾರು. ಜೊತೆಗೆ ಬಂದಿದ್ದ ಕ್ಲಚ್ ಮೋಟಾರು ಹೊಲಿದರೂ ಹೊಲಿಯದಿದ್ದರೂ ಗುಂಯ್ ಅಂತ ತಿರುಗುತ್ತಲೇ ಇರುತ್ತದೆ. ಗಾರ್ಮೆಂಟಿನಲ್ಲಿ ದಿನವಿಡೀ ಹೊಲಿಯುವವರಿಗೆ ಅದು ಸರಿ. ನನಗೆ ಮೂಲೆ ತಿರುಗಿಸುವಾಗ ಒಂದೊಂದೇ ಹೊಲಿಗೆ ಬೀಳಬೇಕು. ಅದರ ಬದಲು 550 ವ್ಯಾಟಿನ ಸರ್ವೋ ಮೋಟಾರು ಕೂಡಿಸಿದೆ. ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗಕ್ಕೂ ಮಿತಿ ಇಡಬಹುದು. ಬೆಲ್ಟ್ ಹಾಕುವ ಮೊದಲು ತಿರುಗುವ ದಿಕ್ಕು ನೋಡಿಕೊಳ್ಳಿ. ಕೈಚಕ್ರದ ಕಡೆ ನಿಂತು ನೋಡಿದರೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಬೇಕು.

ಮಷೀನ್ ರಿಪೇರಿ ಮಾಡುವ ಕಾಕಾ ಬಂದವರೇ ಮಷೀನಿನ ತಲೆ ಹಿಂದಕ್ಕೆ ಮಲಗಿಸಿ, "ಮೊದ್ಲ ಎಣ್ಣಿ ನೋಡ್ರಿ, ಆಮ್ಯಾಲ ಕರೆಂಟ್ ಹಚ್ರಿ" ಅಂದರು. ತಳದ ತೊಟ್ಟಿಯಲ್ಲಿ ಹಳೇ ಎಣ್ಣೆ ಕಪ್ಪಗಾಗಿ, ನೂಲಿನ ಧೂಳು ಕೆಸರಾಗಿ ಕೂತಿತ್ತು. ಎಲ್ಲ ತೆಗೆದು ಒರೆಸಿ, ತೆಳುವಾದ ಬಿಳಿ ಮಷೀನ್ ಎಣ್ಣೆಯನ್ನು ಮೇಲಿನ ಗುರುತಿನವರೆಗೆ ತುಂಬಿದೆವು. ಬಹಳ ದಿನ ಸುಮ್ನೆ ನಿಂತ ಮಷೀನು. ಹಾಗಾಗಿ ನಿಮಿಷಕ್ಕೆ 3,000ದಿಂದ 3,500 ಹೊಲಿಗೆಯ ವೇಗದಲ್ಲಿ ಹತ್ತು ನಿಮಿಷ ಬರಿದೇ ಓಡಿಸಿದೆವು. ಮೇಲಿನ ಗಾಜಿನ ಕಿಂಡಿಯಲ್ಲಿ ಎಣ್ಣೆ ಚಿಮ್ಮುವುದು ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಪಂಪು ಎಣ್ಣೆ ಎತ್ತುತ್ತಿದೆ ಅಂತ ಅದರಿಂದಲೇ ಗೊತ್ತಾಗುವುದು.

ಹೊಲಿಗೆ ಮಾತ್ರ ಅಲ್ಲಲ್ಲಿ ಬಿಡುತ್ತಿತ್ತು. ಇಲ್ಲಿ ಹೊತ್ತು ಹೋಯಿತು, ಕಲಿತದ್ದೂ ಇಲ್ಲೇ. ಇದಕ್ಕೆ ಹಾಕುವ ಡಿಬಿ×1 ಸೂಜಿಯ ಬುಡ ಪೂರ್ತಿ ದುಂಡು. ಮನೆ ಮಷೀನಿನ ಸೂಜಿಗಿರುವ ಚಪ್ಪಟೆ ಬದಿ ಇದಕ್ಕಿಲ್ಲ. ಹೀಗಾಗಿ ಎತ್ತ ಬೇಕಾದರೂ ತಿರುಗಿ ಕೂರುತ್ತದೆ. ಉದ್ದ ಗೀರು ಎಡಕ್ಕೆ, ಕಣ್ಣಿನ ಮೇಲಿನ ತಗ್ಗು ನೇರ ಬಲಕ್ಕೆ ಇರಬೇಕು. ಅದನ್ನು ಸರಿ ಮಾಡಿದರೂ ಹೊಲಿಗೆ ಬಿಡುವುದು ಪೂರ್ತಿ ನಿಲ್ಲಲಿಲ್ಲ. ಆಮೇಲೆ ಕರೆಂಟ್ ತೆಗೆದು, ಪ್ಲೇಟು ಬಿಚ್ಚಿ, ಕೈಚಕ್ರ ನಿಧಾನಕ್ಕೆ ತಿರುಗಿಸುತ್ತಾ ಟಾರ್ಚ್ ಹಿಡಿದು ನೋಡಿದೆವು. ಸೂಜಿ ತೀರಾ ಕೆಳಗಿಳಿದು ಮೇಲೇಳುವಾಗ ದಾರ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಪ್ಲೇಟಿನ ಕೆಳಗೆ ತಿರುಗುವ ಶಟಲ್ಲಿನ ಮೂತಿ ಆ ಕ್ಷಣಕ್ಕೇ ಸೂಜಿಯ ನಡುವಿಗೆ ಬಂದು ಕುಣಿಕೆ ಹಿಡಿಯಬೇಕು. ನಮ್ಮದು ತುಸು ತಡವಾಗಿ ಬರುತ್ತಿತ್ತು. ಕಾಕಾ ಶಟಲ್ಲಿನ ಸ್ಕ್ರೂ ಸಡಿಲಿಸಿ, ಸೂಜಿ ಹಿಡಿದಿರುವ ದಂಡದ ಮೇಲಿನ ಗೆರೆಗೆ ಹೊಂದಿಸಿದರು. ಸೂಜಿಗೂ ಮೂತಿಗೂ ನಡುವೆ 0.04ರಿಂದ 0.1 ಮಿಲಿಮೀಟರ್ ಸಂದು ಇರಬೇಕು, ತಾಗಬಾರದು. ಬಿಗಿ ಮಾಡಿ ಹೊಲಿದರೆ ಒಂದು ಹೊಲಿಗೆಯೂ ಬಿಡಲಿಲ್ಲ.

ಈಗ ಖಣಕ್ಕೆ 14 ನಂಬರಿನ ಸೂಜಿ, ಹಿಡಿಕೆಗೆ 16. ದಿನದ ಕೆಲಸ ಮುಗಿದ ಮೇಲೆ ಕೆಳಗಿನ ದಾರದ ಬಾಬಿನ್ ಕೇಸು ತೆಗೆದು ಬ್ರಷ್ಷಿನಿಂದ ಧೂಳು ತೆಗೆಯುತ್ತೇನೆ. ಹತ್ತಿಯ ಧೂಳು ಇಷ್ಟು ಬೇಗ ಕೂರುತ್ತದೆ ಅಂದುಕೊಂಡಿರಲಿಲ್ಲ. ಬಾಬಿನ್ ದಾರದ ಬಿಗಿ ನೋಡಲು ಕೇಸನ್ನು ದಾರದಲ್ಲೇ ನೇತುಹಾಕಿ ಮೆಲ್ಲಗೆ ಝಾಡಿಸುತ್ತೇನೆ. ಸ್ವಲ್ಪ ಜಾರಿ ನಿಂತರೆ ಸರಿ.

ಬಟ್ಟೆ ಒತ್ತಿ ಹಿಡಿಯುವ ಮಷೀನಿನ ಪಾದವನ್ನು ಮೊಣಕಾಲಿನಿಂದ ಎತ್ತುವ ಸನ್ನೆ ಇನ್ನೂ ಕೂಡಿಸಿಲ್ಲ. ಮುಂದಿನ ವಾರ ಅದೇ ಕೆಲಸ.